ಬಿ.ವಿ. ಕಾರಂತರ ರಂಗಗೀತೆಗಳಿಗೆ 90 ನಿಮಿಷದ ರಂಗನಮನ: ಹಾಡಿನ ಸರದಿ, ಶ್ರುತಿ, ಸದ್ದು, ಹಕ್ಕು

ಚಂದ್ರಗಿರಿ:
ಕಾಸರಗೋಡಿನಲ್ಲಿ ಬಿ.ವಿ. ಕಾರಂತರ ರಂಗಸಂಗೀತವನ್ನೇ ಇಟ್ಟುಕೊಂಡು ಒಂದು ಪ್ರಯೋಗ ಮಾಡುವ ಯೋಚನೆ ಉಂಟು. ಬರೇ ಕಚೇರಿ ಅಲ್ಲ. ಹಾಡು, ನಡುವೆ ಎರಡು ಮೂರು ದೃಶ್ಯದ ತುಣುಕು, ಸ್ವಲ್ಪ ನಿರೂಪಣೆ. ಹಾಡುವವರು 12 ಮಂದಿ: 7 ಹೆಂಗಸರು, 5 ಗಂಡಸರು. ಹಾರ್ಮೋನಿಯಂ, ತಬಲಾ, ಚಂಡೆ, ಮದ್ದಳೆ ಉಂಟು. ಕೀಬೋರ್ಡ್ ಬೇಕಾ ಬೇಡವಾ ಎಂಬುದು ಇನ್ನೂ ತೀರ್ಮಾನ ಆಗಿಲ್ಲ. ಅವಧಿ 90 ನಿಮಿಷ. ಸಭೆಯಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಮಾತಾಡುವವರು ಇರುತ್ತಾರೆ. ಎಷ್ಟು ಹಾಡು, ಯಾವ ಸರದಿ, ಶ್ರುತಿ ಹೇಗೆ, ಅನುಮತಿ ಏನು ಬೇಕು ಎಂದು ಬಲ್ಲವರು ಹೇಳಿ.

ಅಂಕದ_ಪರದೆ:
ಮೊದಲು ಲೆಕ್ಕ. ಹಾಡಿಗೆ ಸರಾಸರಿ 4 ನಿಮಿಷ ಹಿಡಿದರೆ 13 ಹಾಡಿಗೆ 52. ಹಾಡುಗಳ ನಡುವಿನ 12 ಕೊಂಡಿ ಮಾತಿಗೆ ತಲಾ 1 ನಿಮಿಷ, ಅಂದರೆ 12. ದೃಶ್ಯದ ತುಣುಕು 3, ತಲಾ 5 ನಿಮಿಷ, 15. ಒಟ್ಟು 79. ಚಪ್ಪಾಳೆ, ಜಾಗ ಬದಲಿಸುವುದು, ವಾದ್ಯ ಸರಿಮಾಡುವುದು ಎಂದು 8 ನಿಮಿಷ ಇಟ್ಟರೆ 87. ಇದಕ್ಕಿಂತ ಒಂದು ಹಾಡೂ ಹೆಚ್ಚು ಸೇರಿಸಬೇಡಿ. ಇಂಥ ಪ್ರಯೋಗಗಳು ಕೆಡುವುದು ಹಾಡು ಕಡಿಮೆಯಾಗಿ ಅಲ್ಲ, 20 ಹಾಡು ತುರುಕಿ.

ಸರದಿಯನ್ನು ಕಾಲಕ್ರಮದಲ್ಲಿ ಇಡಬೇಡಿ. 1929ರಲ್ಲಿ ಹುಟ್ಟಿದರು, ಗುಬ್ಬಿ ಕಂಪನಿ ಸೇರಿದರು, ಕಾಶಿಗೆ ಹೋದರು, ರಾಷ್ಟ್ರೀಯ ನಾಟಕ ಶಾಲೆ, ಭೋಪಾಲದ ಭಾರತ ಭವನ, 1989ರಲ್ಲಿ ಮೈಸೂರಿನ ರಂಗಾಯಣ ಎಂದು ನಿರೂಪಕರು ಓದುತ್ತಾ ಹೋದರೆ ಅದು ಶ್ರದ್ಧಾಂಜಲಿ ಸಭೆ. ಆ ವಿವರವೆಲ್ಲ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಬಾಗಿಲಲ್ಲಿ ಕೊಡಿ. ರಂಗದ ಮೇಲಿನ ಕೊಂಡಿ ಮಾತು ನಾಟಕದ ಸಂದರ್ಭವನ್ನು ಮಾತ್ರ ಹೇಳಬೇಕು: ಯಾರು, ಎಲ್ಲಿ, ಈ ಹಾಡಿನ ಮೊದಲಿನ ಕ್ಷಣದಲ್ಲಿ ಏನಾಯಿತು. ಮೂರು ವಾಕ್ಯ ಸಾಕು.

ಯಾಕೆ ಸಂದರ್ಭ ಅಷ್ಟು ಮುಖ್ಯ ಎಂದರೆ, ಕಾರಂತರ ಹಾಡು ನಾಟಕದಿಂದ ಕಿತ್ತು ತೆಗೆದರೆ ಅರ್ಧ ಬಡವಾಗುತ್ತದೆ. ಗಿರೀಶ ಕಾರ್ನಾಡರ ‘ಹಯವದನ’ದ ‘ಗಜವದನ ಹೇರಂಬ’ ನೋಡಿ. ಎಲ್ಲರೂ ಅದನ್ನು ಪ್ರಾರ್ಥನೆಯ ಹಾಗೆ ಕೈ ಮುಗಿದು ನಿಂತು ಹಾಡಿ ಮುಗಿಸುತ್ತಾರೆ. ಆದರೆ ಆ ನಾಟಕದಲ್ಲಿ ಆನೆಯ ತಲೆ, ಮನುಷ್ಯನ ಮೈಯ ದೇವರನ್ನು ಮೊದಲು ಕರೆಯುವುದು ಸುಮ್ಮನೆ ಅಲ್ಲ. ಮುಂದೆ ಬರುವವನು ಕುದುರೆ ತಲೆಯವನು, ಆಮೇಲೆ ಇಬ್ಬರು ಗೆಳೆಯರ ತಲೆಗಳೇ ಅದಲುಬದಲು. ಅರೆಕೊರೆಯ ರೂಪವೇ ಪೂರ್ಣತೆಯ ದೇವರಾದ ತಮಾಷೆ ಆ ಹಾಡಿನಲ್ಲಿ ಉಂಟು. ಹಾಗಾಗಿ ಅದರಲ್ಲಿ ನಡಿಗೆ ಬೇಕು, ಕಣ್ಣಿನಲ್ಲಿ ಕುಚೋದ್ಯ ಬೇಕು.

ಪೆರಡಾಲ:
‘ಸತ್ತವರ ನೆರಳು’ ಬಗ್ಗೆಯೂ ಅದೇ ಮಾತು ಹೇಳಬೇಕು. ಜಡಭರತರ ಆ ನಾಟಕ ಮಠದ ಪೀಠದ ರಾಜಕಾರಣದ್ದು. ಕಾರಂತರು ಅದರಲ್ಲಿ ದಾಸರ ಪದಗಳನ್ನು ಚುಚ್ಚು ಮಾತಿನ ಹಾಗೆ ಬಳಸಿದರು. ಸಂದರ್ಭ ಹೇಳದೆ ಹಾಡಿದರೆ ನಮ್ಮಲ್ಲಿ ಜನ ಭಜನೆ ಎಂದುಕೊಂಡು ತಾಳ ಹಾಕಲು ಸುರು ಮಾಡುತ್ತಾರೆ. ಅಲ್ಲಿಗೆ ವ್ಯಂಗ್ಯ ಹೋಯಿತು. ಪದದ ಮೊದಲು ಆ ನಾಟಕದ ಎರಡು ನಿಮಿಷದ ಸಂಭಾಷಣೆ ಇಟ್ಟು, ಕೊನೆಯ ಮಾತಿನ ಮೇಲೆಯೇ ಹಾರ್ಮೋನಿಯಂ ಹಿಡಿಯಬೇಕು, ನಿಲುಗಡೆ ಇಲ್ಲದೆ.

ಕಪ್ಪೆರಡು:
ಶ್ರುತಿ ವಿಷಯಕ್ಕೆ ಬರುವಾ. 13 ಹಾಡಿಗೆ 13 ಶ್ರುತಿ ಮಾಡಿದರೆ ತಬಲಾದವರು ಓಡಿಹೋಗುತ್ತಾರೆ. ಒಂದು ತಬಲಾ ಬಾಯಿಯನ್ನು ಅರ್ಧ ಸ್ವರ ಮೇಲೆ, ಅರ್ಧ ಸ್ವರ ಕೆಳಗೆ ಮಾತ್ರ ನಂಬಿಕೆಯಿಂದ ತಿರುಗಿಸಬಹುದು. ಅದಕ್ಕಿಂತ ಹೆಚ್ಚು ಎಳೆದರೆ ಅರ್ಧ ಗಂಟೆಯಲ್ಲಿ ಮತ್ತೆ ಸಡಿಲ ಆಗುತ್ತದೆ.

ನನ್ನ ಸಲಹೆ ಮೂರೇ ಶ್ರುತಿ:

ಗಂಡಸರ ಒಂಟಿ ಹಾಡಿಗೆ ಬಿಳಿ 2 (ಹಾರ್ಮೋನಿಯಂನ ಎರಡನೇ ಬಿಳಿ ಮನೆಯನ್ನು ಷಡ್ಜ ಮಾಡಿ; ಉಳಿದವೂ ಹಾಗೆಯೇ).
ಹೆಂಗಸರ ಒಂಟಿ ಹಾಡಿಗೆ ಬಿಳಿ 5.
ಎಲ್ಲರೂ ಸೇರಿ ಹಾಡುವ ಮೇಳಗೀತೆಗೆ ಬಿಳಿ 6.

ಹೀಗೆ ಇಟ್ಟರೆ ಬಿಳಿ 2ಕ್ಕೆ ಕೂಡಿಸಿದ ಒಂದೇ ತಬಲಾ ಮೂರಕ್ಕೂ ಹೊಂದುತ್ತದೆ. ಮೊದಲನೆಯದಕ್ಕೆ ಅದು ಷಡ್ಜ (ಸ), ಎರಡನೆಯದಕ್ಕೆ ಪಂಚಮ (ಪ), ಮೂರನೆಯದಕ್ಕೆ ಶುದ್ಧ ಮಧ್ಯಮ (ಮ).

ಮೇಳಗೀತೆಗೆ ಬಿಳಿ 6 ಯಾಕೆ? ಗಂಡಸರು ಕೆಳಗಿನ ಸ್ಥಾಯಿಯಲ್ಲಿ, ಹೆಂಗಸರು ಅದರ ಮೇಲಿನ ಸ್ಥಾಯಿಯಲ್ಲಿ ಒಟ್ಟಿಗೆ ಹಾಡಬಹುದು. ಯಾರಿಗೂ ತಾರ ಷಡ್ಜ ಕಷ್ಟ ಆಗುವುದಿಲ್ಲ. ಆದರೆ ಹಾಡು ಮಂದ್ರ ಪಂಚಮಕ್ಕೆ ಇಳಿದರೆ ಗಂಡಸರ ದನಿ ನೆಲಕ್ಕೆ ತಾಗುತ್ತದೆ, ಕೇಳಿಸುವುದಿಲ್ಲ. ಅಂಥ ಸಾಲನ್ನು ಹೆಂಗಸರಿಗೆ ಮಾತ್ರ ಬಿಡಿ.

ಎಡದ_ಬೋಣ:
ಲೆಕ್ಕ ಸರಿ. ಆದರೆ ಒಂದು ತಕರಾರು. ಮೇಳಗೀತೆ ಮೋಹನ ರಾಗದ ಛಾಯೆಯದ್ದಾದರೆ ಮಧ್ಯಮಕ್ಕೆ ಕೂಡಿಸಿದ ತಬಲಾ ಹಾಡಿನ ಉದ್ದಕ್ಕೂ ಕಿವಿಗೆ ಚುಚ್ಚುತ್ತದೆ. ಮೋಹನದಲ್ಲಿ ಮಧ್ಯಮವೇ ಇಲ್ಲವಲ್ಲ. ಹಾಗಾಗಿ ಎರಡನೇ ಬಲ ತಬಲಾವನ್ನು ಬಿಳಿ 3ಕ್ಕೆ ಕೂಡಿಸಿ ಪಕ್ಕದಲ್ಲಿ ಇಡಿ. ಬಿಳಿ 6ಕ್ಕೆ ಅದು ಪಂಚಮ. ಹಿಂದೋಳದ ಹಾಡು ಬಂದರೆ ಉಲ್ಟಾ: ಪಂಚಮ ವರ್ಜ್ಯ, ಮಧ್ಯಮದ್ದೇ ಸರಿ. ಬಿಳಿ 5ರಲ್ಲಿ ಹಿಂದೋಳ ಇಡಬೇಡಿ. ಶ್ರುತಿಪೆಟ್ಟಿಗೆಯನ್ನೂ ಆಯಾ ಹಾಡಿಗೆ ಸ-ಪ ಅಥವಾ ಸ-ಮ ಎಂದು ಬದಲಿಸುವವರು ಒಬ್ಬರು ಬೇಕು. ಅದನ್ನು ಹಾರ್ಮೋನಿಯಂನವರ ಮೇಲೆ ಹೊರಿಸಬೇಡಿ.

ಅಳತೆ ಬಗ್ಗೆ: ಬಿಳಿ 2, ಬಿಳಿ 3ಕ್ಕೆ 5 ಇಂಚು ಆಸುಪಾಸಿನ ಬಾಯಿ. ಐದೂವರೆಯದ್ದನ್ನು ಅಲ್ಲಿಗೆ ಎಳೆದರೆ ವಾದಿ (ಬಿಗಿಯುವ ಚರ್ಮದ ಪಟ್ಟಿ) ಹರಿಯುವ ಭಯ, ನಾದವೂ ಕಟ್ಟಿದ ಹಾಗೆ ಬರುತ್ತದೆ.

ಕಪ್ಪೆರಡು:
ಒಪ್ಪಿದೆ ಭಾವ. ಮೋಹನದ್ದು ಬಿಟ್ಟುಹೋಗಿತ್ತು.

ಕೀಬೋರ್ಡ್ ಬಗ್ಗೆ: ಬೇಡ ಎನ್ನುವುದಿಲ್ಲ, ಆದರೆ ಹಾರ್ಮೋನಿಯಂ ಜೊತೆ ಸೇರಿಸುವ ಮೊದಲು ಅಳೆಯಿರಿ. ಹಳೆಯ ಹಾರ್ಮೋನಿಯಂ ಸ್ವರಗಳು ಅಪರೂಪಕ್ಕೆ ಮಾತ್ರ ಸರಿಯಾಗಿ 440ಕ್ಕೆ (ಬಿಳಿ 6 ಸೆಕೆಂಡಿಗೆ 440 ಕಂಪನ) ಇರುತ್ತವೆ. ಫೋನಿನ ಟ್ಯೂನರ್ ಆ್ಯಪ್‌ನಲ್ಲಿ ಬಿಳಿ 6 ಒತ್ತಿ ನೋಡಿ. 436 ತೋರಿಸಿದರೆ ಕೀಬೋರ್ಡಿನ ಮಾಸ್ಟರ್ ಟ್ಯೂನ್ ಕೂಡ 436ಕ್ಕೆ ಇಳಿಸಿ. ಹಾಗೆ ಮಾಡದಿದ್ದರೆ ಎರಡೂ ಒಟ್ಟಿಗೆ ಹಿಡಿದಾಗ ಸೆಕೆಂಡಿಗೆ 4 ಸಲ ಅಲೆಅಲೆಯಾಗಿ ಕಂಪಿಸುತ್ತದೆ, ಹಾಡುವವರಿಗೆ ಯಾವುದನ್ನು ನಂಬಬೇಕು ತಿಳಿಯುವುದಿಲ್ಲ. ಸಿಕ್ಕಿದರೆ ಕಾಲು ಹಾರ್ಮೋನಿಯಂ ತನ್ನಿ. ತಿದಿ ಕಾಲಿನಲ್ಲಿ, ಎರಡೂ ಕೈ ಬಿಡುವು. ಕಂಪನಿ ನಾಟಕದ ಬಣ್ಣ ಬರಬೇಕಾದ ಹಾಡಿಗೆ ಅದರ ತುಂಬು ನಾದ ಕೀಬೋರ್ಡಿನಲ್ಲಿ ಬರುವುದೇ ಇಲ್ಲ.

ಟ್ರ್ಯಾಕ್ ಹಾಕಿ ಹಾಡುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ರಂಗಗೀತೆ ನಟನ ಉಸಿರಿಗೆ ಕಾಯಬೇಕು. ಟ್ರ್ಯಾಕ್ ಕಾಯುವುದಿಲ್ಲ.

ಗೆರಟೆ:
ಎಲ್ಲರೂ ಶ್ರುತಿ, ರಾಗ ಎಂದು ಹೇಳುತ್ತಾ ಇದ್ದೀರಿ. ಕಾರಂತರಲ್ಲಿ ರಾಗದಷ್ಟೇ ಮುಖ್ಯ ಸದ್ದು. ಕಲ್ಲು, ಕೋಲು, ಬಿದಿರು, ಪಾತ್ರೆ, ಬಾಯಿಯಿಂದ ಬರುವ ಉಸಿರು, ಎಲ್ಲವೂ ಅವರಿಗೆ ವಾದ್ಯ. ಅದಿಲ್ಲದೆ 13 ಹಾಡು ಇಂಪಾಗಿ ಹಾಡಿದರೆ ಅದು ಸುಗಮ ಸಂಗೀತ.

ಒಂದು ‘ಸದ್ದಿನ ಮೇಜು’ ಮಾಡಿ. 4 ಅಡಿಯ ಬೆಂಚು, ಮೇಲೆ ದಪ್ಪ ಕಂಬಳಿ ಹಾಸಿ. ಕಂಬಳಿ ಇಲ್ಲದಿದ್ದರೆ ವಸ್ತು ಇಡುವ ತೆಗೆಯುವ ಸದ್ದೇ ಮೈಕಿಗೆ ಹೋಗುತ್ತದೆ. ಅದರ ಮೇಲೆ ನಮ್ಮ ಮನೆ ತೋಟದಲ್ಲಿ ಸಿಗುವುದೇ ಸಾಕು:

ಗೆರಟೆ (ತೆಂಗಿನ ಚಿಪ್ಪು) 3 ಜೊತೆ. ಕುದುರೆ ಹೆಜ್ಜೆಗೆ. ಅಂಚು ಮರಳು ಕಾಗದದಲ್ಲಿ ತಿಕ್ಕಿ ಸಮ ಮಾಡಿ, ಇಲ್ಲದಿದ್ದರೆ ಚಟಚಟ ಒಡೆದ ಸದ್ದು.
ಒಣಗಿದ ಅಡಿಕೆ ಹಾಳೆ 4. ಉಜ್ಜಿದರೆ ಕಾಡಿನ ಸರಸರ, ಬಡಿದರೆ ರೆಕ್ಕೆ. ಹಸಿ ಹಾಳೆ ಮೂಕ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಿ.
ಗೆರಸೆ (ಮೊರ) 1, ಅದರಲ್ಲಿ ಅರ್ಧ ಸೇರು ಭತ್ತ. ನಿಧಾನ ಓರೆ ಮಾಡಿದರೆ ಕಡಲ ತೆರೆ, ಬೇಗ ಆಡಿಸಿದರೆ ಮಳೆ. ಅಕ್ಕಿ ಹಾಕಿದರೆ ಸದ್ದು ತೀರ ಚೂಪು.
ಹೊಳೆಯ ನುಣುಪು ಕಲ್ಲು 2 ಜೊತೆ, ಬೇರೆ ಬೇರೆ ಗಾತ್ರ.
ಬಿದಿರಿನ ಅಂಡೆ 2, ಒಂದು ಗೇಣಿನದ್ದು, ಒಂದು ಮೊಳದ್ದು.

ಇದನ್ನು ನುಡಿಸುವವರು ಇಬ್ಬರು, ಹಾಡುವವರ ಪೈಕಿಯೇ ಆದರೆ ಒಳ್ಳೆಯದು. ಹಾಡು ತಿಳಿದವರಿಗೆ ಮಾತ್ರ ಎಲ್ಲಿ ಸುಮ್ಮನಿರಬೇಕು ಎಂದು ಗೊತ್ತಿರುತ್ತದೆ. ಸದ್ದು ಹಾಡಿನ ಸಾಹಿತ್ಯದ ಮೇಲೆ ಬೀಳಬಾರದು, ಸಾಲು ಮುಗಿದ ಖಾಲಿ ಜಾಗದಲ್ಲಿ ಬೀಳಬೇಕು. ಒಂದು ಹಾಡಿಗೆ ಎರಡೇ ಬಗೆಯ ಸದ್ದು. ಮೂರನೆಯದು ಸೇರಿತೋ, ಮಕ್ಕಳ ಆಟದ ಸಾಮಾನು.

ಚಂದ್ರಗಿರಿ:
ಈ ಮೇಜಿಗೆ ಮೈಕ್ ಯಾವುದು? ಒಟ್ಟು ಮೈಕ್ ಎಷ್ಟು ಬೇಕು?

ಮಿಕ್ಸರ್‌ಮನೆ:
ಹನ್ನೆರಡು ಮಂದಿಗೆ ಹನ್ನೆರಡು ಮೈಕ್ ಕೇಳುವವರು ಇರುತ್ತಾರೆ. ಕೊಡಬೇಡಿ. ತೆರೆದ ಮೈಕ್‌ಗಳ ಸಂಖ್ಯೆ ಇಮ್ಮಡಿ ಆದಾಗಲೆಲ್ಲ ಮೈಕ್ ಕೂಗು (ಫೀಡ್‌ಬ್ಯಾಕ್) ಬರುವ ಮೊದಲು ಸದ್ದು ಏರಿಸಲು ಇರುವ ನಿಮ್ಮ ಅವಕಾಶ 3 ಡೆಸಿಬಲ್ ಕಡಿಮೆ ಆಗುತ್ತದೆ. ನನ್ನ ಪಟ್ಟಿ ಹೀಗೆ: ಮೇಳಕ್ಕೆ ಮುಂದೆ ಸ್ಟ್ಯಾಂಡ್ ಮೈಕ್ 3, ಒಂಟಿ ಹಾಡಿನವರಿಗೆ ಕೈಯ ವೈರ್‌ಲೆಸ್ 2, ಹಾರ್ಮೋನಿಯಂ 1, ತಬಲಾ 2, ಮದ್ದಳೆ 1, ಸದ್ದಿನ ಮೇಜು 1. ಒಟ್ಟು 10. ಚಂಡೆಗೆ ಮೈಕ್ ಇಲ್ಲ, ಅದು ಉಳಿದ ಎಲ್ಲ ಮೈಕ್‌ಗೂ ಹೇಗೂ ಹೋಗುತ್ತದೆ.

ಒಂದು ಸ್ಟ್ಯಾಂಡಿನ ಎದುರು ನಾಲ್ವರು ಅರ್ಧವೃತ್ತದಲ್ಲಿ, ಬಾಯಿಯಿಂದ ಒಂದೂವರೆ ಅಡಿ. ಹಾಗಾದರೆ ಒಂದು ಸ್ಟ್ಯಾಂಡಿನಿಂದ ಇನ್ನೊಂದಕ್ಕೆ ಅದರ ಮೂರು ಪಟ್ಟು, ಅಂದರೆ ನಾಲ್ಕೂವರೆ ಅಡಿ ದೂರ ಇರಬೇಕು. ಹತ್ತಿರ ಇಟ್ಟರೆ ಒಂದೇ ದನಿ ಎರಡು ಮೈಕಿಗೆ ಹೊತ್ತು ತಪ್ಪಿ ಹೋಗಿ ಡಬ್ಬದೊಳಗೆ ಹಾಡಿದ ಹಾಗೆ ಕೇಳುತ್ತದೆ. ಜನ ಆಗ ‘ಮೈಕ್ ಸರಿ ಇಲ್ಲ’ ಎನ್ನುತ್ತಾರೆ, ಮೈಕ್ ಸರಿಯೇ ಇರುತ್ತದೆ.

ಮೇಜಿನ ಮೈಕ್ ಕಂಡೆನ್ಸರ್ ಆಗಲಿ, ಕಂಬಳಿಯಿಂದ ಒಂದು ಅಡಿ ಮೇಲೆ, ಸ್ಪೀಕರಿಗೆ ಬೆನ್ನು ಹಾಕಿ. ಅದನ್ನು ಸದ್ದು ಇರುವಾಗ ಮಾತ್ರ ತೆರೆಯಬೇಕು. ಆದ್ದರಿಂದ ಮಿಕ್ಸರಿನಲ್ಲಿ ಕೂತವರ ಕೈಯಲ್ಲಿ ಹಾಡಿನ ಸಾಲು, ಸದ್ದಿನ ಗುರುತು ಇರುವ ಹಾಳೆ ಬೇಕೇ ಬೇಕು. ಬಾಡಿಗೆ ಸೌಂಡಿನವರಿಗೆ ಆ ಹಾಳೆ ಪ್ರಯೋಗದ ದಿನ ಕೊಟ್ಟರೆ ಪ್ರಯೋಜನ ಇಲ್ಲ. ಒಂದು ಪೂರ್ತಿ ಅಭ್ಯಾಸಕ್ಕೆ ಅವರನ್ನು ಕೂರಿಸಿ, ಅದಕ್ಕೆ ಬೇರೆ ದುಡ್ಡು ಕೊಡಿ.

ಎಡದ_ಬೋಣ:
ಮಾಷ್ಟ್ರೇ, ಚಂಡೆಯವರನ್ನು ಎಲ್ಲಿ ನಿಲ್ಲಿಸುವುದು? ನಮ್ಮ ತೆಂಕುತಿಟ್ಟು ಯಕ್ಷಗಾನದ ಚಂಡೆ ನಿಂತೇ ಬಾರಿಸುವುದು. ತಬಲಾದ ಪಕ್ಕ ನಿಂತರೆ ತಬಲಾ ಮೈಕಿನಲ್ಲಿ ಚಂಡೆ ಮಾತ್ರ.

ಮಿಕ್ಸರ್‌ಮನೆ:
ಹಿಂದಿನ ಎಡ ಮೂಲೆ, ತಬಲಾದಿಂದ ಕನಿಷ್ಠ 10 ಅಡಿ. ಹಿಂದೆ ದಪ್ಪ ಪರದೆ ಇರಲಿ, ಬರೇ ಗೋಡೆ ಬೇಡ.

ಅಂಕದ_ಪರದೆ:
ಚಂಡೆ ಎಷ್ಟು ಹಾಡಿಗೆ ಎಂಬುದು ಮೊದಲ ಪ್ರಶ್ನೆ. ಕಾಸರಗೋಡು ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡು ಎಂಬ ಅಭಿಮಾನದಲ್ಲಿ ಎಲ್ಲ ಹಾಡಿಗೂ ಚಂಡೆ ಸೇರಿಸುವ ಚಪಲ ನಮ್ಮವರಿಗೆ. ಕಾರಂತರು ಯಕ್ಷಗಾನದಿಂದ ತೆಗೆದುಕೊಂಡದ್ದು ಹೌದು. 1979ರಲ್ಲಿ ಮ್ಯಾಕ್‌ಬೆತ್‌ನ ಹಿಂದಿ ರೂಪ ‘ಬರ್ನಮ್ ವನ’ಕ್ಕೂ ಅದರ ಹೆಜ್ಜೆ, ಚಲನೆ ತಂದರು. ಆದರೆ ಯಕ್ಷಗಾನವನ್ನೇ ಇಡಿಯಾಗಿ ಎತ್ತಿ ಇಟ್ಟವರಲ್ಲ. ಕಂಪನಿ ನಾಟಕದ ಮಟ್ಟು, ಹಿಂದೂಸ್ತಾನಿ, ಜನಪದ, ಭಜನೆ ಎಲ್ಲ ನಾಟಕಕ್ಕೆ ಬೇಕಾದಷ್ಟೇ. ಚಂಡೆ-ಮದ್ದಳೆ ಎರಡು ಹಾಡಿಗೆ ಸಾಕು, ಅವೆರಡನ್ನೂ ಒಟ್ಟಿಗೆ ಇಡಿ. ಮದ್ದಳೆಯ ಶ್ರುತಿ ಒಮ್ಮೆ ಕೂಡಿಸಿದರೆ ಮುಗಿಯಿತು.

‘ಹಯವದನ’ದ ತುಣುಕಿಗೆ ಅಡ್ಡತೆರೆ ಬೇಕು: ಅಗಲ 6 ಅಡಿ, ಎತ್ತರ 4 ಅಡಿ, ಇಬ್ಬರು ಹಿಡಿಯುವುದು. ಹತ್ತಿ ಬಟ್ಟೆ ಹೊಲಿಸಿ. ಸ್ಯಾಟಿನ್ ಎಲ್‌ಇಡಿ ಬೆಳಕಿಗೆ ಹೊಳೆದು ಹಿಂದಿರುವ ಕುದುರೆ ತಲೆ ಕಾಣುವುದೇ ಇಲ್ಲ. ಕೆಳಗಿನ ಅಂಚಿನ ಮಡಿಕೆಯಲ್ಲಿ ತೆಳು ಸರಪಳಿ ಹಾಕಿದರೆ ಫ್ಯಾನಿನ ಗಾಳಿಗೆ ಹಾರುವುದಿಲ್ಲ.

‘ಜೋಕುಮಾರಸ್ವಾಮಿ’ಯ ಹಾಡು ತೆಗೆದುಕೊಂಡರೆ ಉಚ್ಚಾರಣೆಗೆ ಬೇರೆಯೇ ಒಂದು ವಾರ ಇಡಿ. ಕಂಬಾರರ ಭಾಷೆಯ ಎಳೆತ ಕರಾವಳಿಯ ಬಾಯಿಗೆ ಸುಲಭಕ್ಕೆ ಬರುವುದಿಲ್ಲ. ನಮ್ಮವರು ಪದದ ಕೊನೆಯನ್ನು ಕತ್ತರಿಸುತ್ತಾರೆ, ಆಗ ತಾಳದಲ್ಲಿ ತೂತು ಬೀಳುತ್ತದೆ. ಸರಿಪಡಿಸುವ ದಾರಿ: ರಾಗ ಬಿಟ್ಟು, ಬರೇ ಮಾತನ್ನು ತಾಳಕ್ಕೆ ಹೇಳಿಸುವುದು.

ಬೆಳಕಿನಲ್ಲಿ ಒಂದೇ ಮಾತು: ಹಾಡು ಹಾಡಿನ ನಡುವೆ ಪೂರ್ತಿ ಕತ್ತಲೆ ಮಾಡಬೇಡಿ. 12 ಸಲ ಕತ್ತಲೆ ಆದರೆ ಜನ ಫೋನ್ ತೆಗೆಯುತ್ತಾರೆ. 4 ಸೆಕೆಂಡಿನಲ್ಲಿ ಒಂದು ಜಾಗದ ಬೆಳಕು ಇಳಿದು ಇನ್ನೊಂದು ಏರಲಿ.

ಗೆರಟೆ:
ಕಾರಂತರ ಸಿನಿಮಾ ಸಂಗೀತ ಸೇರಿಸುವುದಾ? ‘ಋಷ್ಯಶೃಂಗ’, ‘ಘಟಶ್ರಾದ್ಧ’ ಎರಡಕ್ಕೂ ರಾಷ್ಟ್ರ ಪ್ರಶಸ್ತಿ ಬಂದದ್ದಲ್ವಾ.

ಅಂಕದ_ಪರದೆ:
ಬೇಡ. ಅದು ಇನ್ನೊಂದು ಸಂಜೆಯ ಸರಕು. ಬದಲಿಗೆ ಮಕ್ಕಳ ನಾಟಕದ್ದು ಒಂದು ಸೇರಿಸಿ, ‘ಪಂಜರಶಾಲೆ’ಯದ್ದು ಆದೀತು. 50ನೇ ನಿಮಿಷದ ಆಸುಪಾಸು, ಸಭೆ ಜಡವಾಗುವ ಹೊತ್ತಿಗೆ.

ಪೆರಡಾಲ:
ಈಗ ಹಕ್ಕಿನ ವಿಷಯ. ಕನ್ನಡ ಸಂಘಗಳು ಇದನ್ನು ನೋಡುವುದೇ ಇಲ್ಲ.

ಹಾಡಿನಲ್ಲಿ ಎರಡು ಹಕ್ಕು ಉಂಟು: ಸಾಹಿತ್ಯದ್ದು, ಸಂಗೀತದ್ದು. ನಮ್ಮ ಕಾಯಿದೆಯಲ್ಲಿ ಕರ್ತೃ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ. ಕಾರಂತರು ತೀರಿಕೊಂಡದ್ದು 2002ರ ಸೆಪ್ಟೆಂಬರ್ 1. ಅವರ ಸಂಗೀತದ ಹಕ್ಕು 2062ರ ಕೊನೆಯವರೆಗೆ. ದಾಸರ ಪದದ ಸಾಹಿತ್ಯ ಯಾರದ್ದೂ ಅಲ್ಲ, ಎಲ್ಲರದ್ದು. ಆದರೆ ಅದಕ್ಕೆ ಕಾರಂತರು ಹಾಕಿದ ಮಟ್ಟು ಹಾಗಲ್ಲ. ‘ಹಯವದನ’ದ್ದು ಎರಡೂ ಜೀವಂತ: ಕಾರ್ನಾಡರು ತೀರಿಕೊಂಡದ್ದು 2019ರಲ್ಲಿ, ಅವರ ಬರಹದ ಹಕ್ಕು 2079ರ ಕೊನೆಯವರೆಗೆ. ‘ಗೋಕುಲ ನಿರ್ಗಮನ’ದಿಂದ ಏನಾದರೂ ತೆಗೆದರೆ ಪು.ತಿ.ನ. ಅವರದ್ದು 2058ರವರೆಗೆ.

1957ರ ಕೃತಿಸ್ವಾಮ್ಯ ಕಾಯಿದೆಯ 52(1)(ಎಲ್) ಪ್ರಕಾರ ಹವ್ಯಾಸಿ ಸಂಘ ಹಣ ಕೊಡದ ಪ್ರೇಕ್ಷಕರ ಎದುರು ಪ್ರದರ್ಶಿಸಿದರೆ ಅದು ಉಲ್ಲಂಘನೆ ಅಲ್ಲ. ಇಲ್ಲಿ ಎರಡು ಕಡೆ ಜಾರುತ್ತಾರೆ. ಒಂದು, ಟಿಕೇಟು ಇಲ್ಲ, ಆದರೆ ‘ದಾನಿಗಳ ಪಾಸ್’ ಎಂದು 200 ರೂಪಾಯಿ. ಅದು ಹಣ ಕೊಟ್ಟ ಪ್ರೇಕ್ಷಕರೇ. ಎರಡು, ಮರುದಿನ ಪೂರ್ತಿ ವೀಡಿಯೊ ಯೂಟ್ಯೂಬಿಗೆ. ಆ ವಿನಾಯಿತಿ ಸಭೆಯ ಎದುರಿನ ಪ್ರದರ್ಶನಕ್ಕೆ. ಅಂತರ್ಜಾಲಕ್ಕೆ ಏರಿಸುವುದಕ್ಕೆ ಅಲ್ಲ. ಇವೆರಡರಲ್ಲಿ ಯಾವುದು ಮಾಡುವುದಾದರೂ ಹಕ್ಕುದಾರರ ಬರಹದ ಅನುಮತಿ ಮೊದಲೇ ತೆಗೆಯಿರಿ. ಪತ್ರದಲ್ಲಿ ಹಾಡಿನ ಪಟ್ಟಿ, ದಿನಾಂಕ, ಸ್ಥಳ, ಟಿಕೇಟು ದರ, ವೀಡಿಯೊ ಉಂಟೋ ಇಲ್ಲವೋ ಎಲ್ಲ ಬರೆಯಿರಿ. ಟಿಕೇಟು ಇಲ್ಲದಿದ್ದರೂ ಕರಪತ್ರದಲ್ಲಿ ಪ್ರತಿ ಹಾಡಿನ ಎದುರು ನಾಟಕ, ನಾಟಕಕಾರ, ಸಾಹಿತ್ಯ, ಸಂಗೀತ ನಾಲ್ಕನ್ನೂ ಹಾಕಿ.

ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ಬೇರೆ. ಬಯಲು ರಂಗವಾದರೆ ರಾತ್ರಿ 10ಕ್ಕೆ ನಿಲ್ಲಿಸಲೇಬೇಕು.

ಚಂದ್ರಗಿರಿ:
ದಿನ ಸೆಪ್ಟೆಂಬರ್ 19 ಎಂದು ಅಂದಾಜು, ಅವರ ಹುಟ್ಟಿದ ದಿನ. ಬಯಲಿನಲ್ಲಿ ಆಗಬಹುದಾ?

ಪೆರಡಾಲ:
ಎಂತ ಮಾರಾಯ್ರೇ, ಆಗ ಮಳೆ ಬಿಟ್ಟಿರುವುದಿಲ್ಲ. ಓಣಂ ಆಚೀಚೆ ಬಂದರೆ ಸಭಾಭವನವೂ ಸಿಗುವುದಿಲ್ಲ, ಸೌಂಡಿನವರೂ ಸಿಗುವುದಿಲ್ಲ. ಆ ವರ್ಷದ ಓಣಂ ದಿನ ನೋಡಿ ಮೂರು ತಿಂಗಳ ಮೊದಲೇ ಹಿಡಿಯಿರಿ. ಶೀಟ್ ಮಾಡಿನ ಸಭಾಭವನ ಬೇಡವೇ ಬೇಡ. ಜೋರು ಮಳೆ ಬಂದರೆ ಗೆರಸೆಯ ಭತ್ತಕ್ಕೆ ಕೆಲಸ ಇಲ್ಲ.

ಎಡದ_ಬೋಣ:
ಆ ಹವೆಯಲ್ಲಿ ಚರ್ಮ ತಣ್ಣಗಾಗಿ ಶ್ರುತಿ ಇಳಿಯುತ್ತದೆ. ವಾದ್ಯಗಳನ್ನು ಎರಡು ಗಂಟೆ ಮೊದಲೇ ರಂಗದ ಮೇಲೆ ಇಟ್ಟು, ಬೆಳಕು ಹಾಕಿದ ಮೇಲೆ ಕೂಡಿಸಿ. ಹ್ಯಾಲೋಜನ್ ದೀಪ ಇದ್ದರೆ ಅರ್ಧ ಗಂಟೆಯಲ್ಲಿ ಶ್ರುತಿ ಏರುತ್ತದೆ, ಎಲ್‌ಇಡಿಯಲ್ಲಿ ಆ ತೊಂದರೆ ಇಲ್ಲ. ಫ್ಯಾನ್ ನೇರ ತಬಲಾಕ್ಕೆ ಬೀಸದ ಹಾಗೆ ನೋಡಿ.

ಇನ್ನೊಂದು, ಮೇಳ ಹಾಡುವಾಗ ಕಾಲ ಓಡುತ್ತದೆ. ಹಾಡಿನ ಸುರುವಿನ ನಡೆಯನ್ನು ತಬಲಾದವರ ಎದುರು ಬರೆದಿಡಿ: ನಿಮಿಷಕ್ಕೆ 92 ಪೆಟ್ಟು, 104 ಪೆಟ್ಟು ಹೀಗೆ. ಫೋನಿನಲ್ಲಿ ಸದ್ದಿಲ್ಲದೆ ಬೆಳಕು ಮಾತ್ರ ಮಿಣುಕುವ ಮೆಟ್ರೊನೋಮ್ ಸುರುವಿಗೆ ನೋಡಿಕೊಂಡರೆ ಸಾಕು. ಹಾಡಿನ ಉದ್ದಕ್ಕೂ ಅದನ್ನು ಹಿಂಬಾಲಿಸಿದರೆ ಹಾಡು ಸತ್ತುಹೋಗುತ್ತದೆ.

ಗೆರಟೆ:
ಮಲಯಾಳ ಮಾತಾಡುವವರಿಗೆ ನಿರೂಪಣೆಯನ್ನು ಎರಡು ಭಾಷೆಯಲ್ಲಿ ಹೇಳಿದರೆ 12 ನಿಮಿಷ 24 ಆಯಿತು. ಬದಲಿಗೆ ಪರದೆಯ ಮೇಲೆ ಎರಡೆರಡು ಸಾಲು ಮಲಯಾಳದಲ್ಲಿ ಸಂದರ್ಭ ಹಾಕಿ. ಪಲ್ಲವಿಯನ್ನು ಕನ್ನಡ ಮಾತಿನಲ್ಲೇ, ಮಲಯಾಳ ಲಿಪಿಯಲ್ಲಿ ಕೊಟ್ಟರೆ ಅವರೂ ಹಾಡುತ್ತಾರೆ. ಸ್ಲೈಡ್ ಒತ್ತುವವರು ಅಭ್ಯಾಸಕ್ಕೆ ಬರಲೇಬೇಕು.

ಪೆರಡಾಲ:
ಸಭಾ ಕಾರ್ಯಕ್ರಮ, ಶಾಲು, ಸ್ಮರಣಿಕೆ ಎಲ್ಲ ಮೊದಲೇ 20 ನಿಮಿಷದಲ್ಲಿ ಮುಗಿಸಿ. ನಡುವೆ ಅತಿಥಿಗಳಿಗೆ ಮೈಕ್ ಕೊಟ್ಟರೆ ಮೇಲಿನ ಲೆಕ್ಕವೆಲ್ಲ ಚಂದ್ರಗಿರಿ ಹೊಳೆಗೆ.

ಚಂದ್ರಗಿರಿ:
ಹೊಳೆಗೆ ನನ್ನ ಹೆಸರು ಯಾಕೆ ಸೇರಿಸುತ್ತೀರಿ! ಕೊನೆಯದಾಗಿ, ಕರೆಂಟು ಹೋದರೆ?

ಮಿಕ್ಸರ್‌ಮನೆ:
ಜನರೇಟರ್ ಹಿಡಿಯಲು ಕೆಲವು ಸೆಕೆಂಡು ಬೇಕು. ಅಷ್ಟರಲ್ಲಿ ಡಿಜಿಟಲ್ ಮಿಕ್ಸರ್ ಮತ್ತೆ ಮೊದಲಿಂದ ಸುರು ಆಗಲು ಹೊರಟರೆ ಒಂದು ನಿಮಿಷ ಹೋಯಿತು. ಹಾಗಾಗಿ ಮಿಕ್ಸರ್, ವೈರ್‌ಲೆಸ್ ರಿಸೀವರ್, ಸ್ಲೈಡಿನ ಲ್ಯಾಪ್‌ಟಾಪ್ ಈ ಮೂರನ್ನು 1 ಕೆವಿಎ ಯುಪಿಎಸ್‌ಗೆ ಹಾಕಿ. ಮೇಳಗೀತೆಗಳನ್ನು ಮೈಕ್ ಇಲ್ಲದೆ ಹಿಂದಿನ ಸಾಲಿಗೆ ಕೇಳಿಸುವ ಹಾಗೆ ಒಂದು ದಿನ ಅಭ್ಯಾಸ ಮಾಡಿಸಿ, ಕತ್ತಲೆಯಲ್ಲೂ ನಿಲ್ಲಿಸಬಾರದು ಎಂದು ಹೇಳಿಡಿ. ಆಂಪ್ಲಿಫೈಯರನ್ನು ಮಾತ್ರ ಆ ಯುಪಿಎಸ್‌ಗೆ ಸಿಕ್ಕಿಸಬೇಡಿ. ಎಳೆಯುವುದಿಲ್ಲ, ಮಿಕ್ಸರನ್ನೂ ಸೇರಿಸಿ ಆರಿಸುತ್ತದೆ.